ಗ್ರೀನ್ ಲೇನ್ ಮೀಮಾಂಸಾ ಸಂಗ್ರಹ

ಇನ್ನು ಕೆಸರಿನ ವಿಚಾರ.

ವಿವಾದ ಯಾವುದೇ ಇರಲಿ, ಮೀಮಾಂಸಕರು ಅದನ್ನು ಐದು ಮೆಟ್ಟಿಲು ಹತ್ತಿಸುತ್ತಾರೆ: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ಯಜ್ಞದ ವಿಧಿವಾಕ್ಯಗಳ ಅರ್ಥ ಬಿಡಿಸಲು ಬೆಳೆದ ಈ ಕ್ರಮವನ್ನು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಗುಡ್ಡಗಾಡಿನಲ್ಲಿ ಭಾನುವಾರ ಬೆಳಗ್ಗೆ ಲ್ಯಾಂಡ್ ರೋವರ್ ಏರಿಸುವವರಿಗೆ ಅನ್ವಯಿಸಿದ ಪಂಡಿತರು ಈವರೆಗೆ ಕಂಡುಬಂದಿಲ್ಲ. ಪಂಡಿತರಿಗೆ ಗೇರ್ ಹಾಕಲು ಬರುವುದಿಲ್ಲ. ಗೇರ್ ಹಾಕುವವರಿಗೆ ಸಂಶಯವೇ ಹುಟ್ಟುವುದಿಲ್ಲ. ಈ ಕೊರತೆಯನ್ನು ನೀಗುವುದೇ ಸಂಗ್ರಹದ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಪಕ್ಕದಲ್ಲೇ ಒಳ್ಳೆಯ ಡಾಂಬರು ರಸ್ತೆಯಿದ್ದರೂ ಅದನ್ನು ಬಿಟ್ಟು ಹಳ್ಳಕ್ಕಿಳಿಯುವ ಬುದ್ಧಿಯುಳ್ಳವನು.

ವಿಷಯ

ಡಾಂಬರು ಕಾಣದ, ಎರಡೂ ಬದಿಗೆ ಬೇಲಿಯೋ ಕಲ್ಲಿನ ಗೋಡೆಯೋ ಇರುವ, ನಡುವೆ ಹುಲ್ಲು ಬೆಳೆದ ಹಳೆಯ ದಾರಿಯನ್ನು ಅಲ್ಲಿನವರು ಗ್ರೀನ್ ಲೇನ್ ಎಂದು ಕರೆಯುತ್ತಾರೆ. ಕಾನೂನಿನ ಪುಸ್ತಕದಲ್ಲಿ ಇಂಥ ವರ್ಗವೇ ಇಲ್ಲ. ಅಲ್ಲಿ ಇರುವುದು ನಾಲ್ಕು ಬಗೆ. ಕಾಲ್ನಡಿಗೆಯವರಿಗೆ ಮಾತ್ರ ಮೀಸಲಾದದ್ದು ಫುಟ್‌ಪಾತ್. ಕುದುರೆಗೂ ಸೈಕಲ್ಲಿಗೂ ಎಡೆಯಿರುವುದು ಬ್ರೈಡಲ್‌ವೇ. ಗಾಡಿ ಹೋಗಬಹುದು, ಆದರೆ ಅದಕ್ಕೆ ಎಂಜಿನ್ ಇರಕೂಡದು ಎನ್ನುವುದು ರಿಸ್ಟ್ರಿಕ್ಟೆಡ್ ಬೈವೇ. ಕೊನೆಯದು, ನಮ್ಮ ಶಾಸ್ತ್ರಕ್ಕೆ ಆಧಾರವಾದ ‘ಎಲ್ಲ ಸಂಚಾರಕ್ಕೂ ತೆರೆದ ಬೈವೇ’. ಇವುಗಳ ಹೊರಗೆ, ಹಳೆಯ ಕೌಂಟಿ ರಸ್ತೆಗಳ ಪಟ್ಟಿಯಲ್ಲಿ ಉಳಿದುಕೊಂಡ ವರ್ಗೀಕರಣವಾಗದ ಕಚ್ಚಾ ರಸ್ತೆಗಳೂ ಇವೆ.

ನಾಲ್ಕನೆಯದಕ್ಕೆ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆ ಕೊಟ್ಟಿರುವ ಲಕ್ಷಣ ಸೊಗಸಾಗಿದೆ. ಸಾರ್ವಜನಿಕರಿಗೆ ವಾಹನ ಓಡಿಸುವ ಹಕ್ಕು ಇರಬೇಕು. ಆದರೆ ಅವರು ಆ ದಾರಿಯನ್ನು ಮುಖ್ಯವಾಗಿ ನಡೆಯಲು, ಕುದುರೆ ಸವಾರಿ ಮಾಡಲು ಬಳಸುತ್ತಿರಬೇಕು. ವಾಹನ ಬರಬಹುದು, ಬರದಿದ್ದರೆ ಲೇಸು. ತಾರ್ಕಿಕರು ಕೂಡಲೇ ಎದ್ದುನಿಂತು ಅವ್ಯಾಪ್ತಿ ದೋಷ ಎತ್ತುತ್ತಾರೆ: ವಾಹನಗಳೇ ಹೆಚ್ಚಾಗಿಬಿಟ್ಟರೆ ಅದು ಬೈವೇ ಆಗಿ ಉಳಿಯುತ್ತದೆಯೆ? ಲಕ್ಷಣವಾಕ್ಯ ಹೇಳುವುದು ದಾರಿಯ ಸ್ವರೂಪವನ್ನು, ಅಲ್ಲಿ ಹೋಗಿಬರುವವರ ತಲೆ ಎಣಿಕೆಯನ್ನಲ್ಲ ಎಂಬ ಧಾಟಿಯಲ್ಲಿ ಮೇಲ್ಮನವಿ ನ್ಯಾಯಾಲಯ 2000ರಲ್ಲಿ ಸಮಾಧಾನ ಹೇಳಿತು.

ಇಂಗ್ಲೆಂಡಿನಲ್ಲಿ ದಾಖಲಾದ ಹಕ್ಕಿನ ದಾರಿಗಳ ಒಟ್ಟು ಉದ್ದದಲ್ಲಿ ಇಂಥ ಬೈವೇ ನೂರಕ್ಕೆ ಸುಮಾರು 2 ಪಾಲು. ವಿಲ್ಟ್‌ಶೈರ್‌ನಲ್ಲಿ ಅದು ಹೇರಳ. ಸ್ಟೋನ್‌ಹೆಂಜ್‌ನ ಪಕ್ಕದಲ್ಲೇ ಏಮ್ಸ್‌ಬರಿಯ 12ನೇ ಬೈವೇ ಹಾದುಹೋಗುತ್ತದೆ. ನಾಲ್ಕೈದು ಸಾವಿರ ವರ್ಷದ ಕಲ್ಲುಕಂಬಗಳನ್ನು ಎಂಜಿನ್ ಆರಿಸದೆಯೇ ನೋಡುವ ಸೌಕರ್ಯ ಮೀಮಾಂಸಕರಿಗೆ ಅಲ್ಲಿ ಲಭ್ಯ.

ಸಂಶಯ

ಎರಡು ಟನ್ ತೂಕದ ಗಾಡಿ ಗುಡ್ಡ ಹತ್ತುವುದು ಎಂಜಿನ್ನಿನ ಬಲದಿಂದಲೋ ಕಾಗದದ ಬಲದಿಂದಲೋ? ಇದೇ ಸಂಶಯ.

ಹೊರನೋಟಕ್ಕೆ ಎಂಜಿನ್ ಎನ್ನಿಸುತ್ತದೆ. ಆದರೆ ಇಂಗ್ಲಿಷ್ ನ್ಯಾಯಸಂಪ್ರದಾಯದಲ್ಲಿ ಒಂದು ಹಳೆಯ ಸೂತ್ರವಿದೆ: ಒಮ್ಮೆ ಹೆದ್ದಾರಿಯಾದದ್ದು ಎಂದೆಂದಿಗೂ ಹೆದ್ದಾರಿಯೇ. ಕಾನೂನುಪ್ರಕಾರ ಮುಚ್ಚುವ ತನಕ ಅದು ಸಾಯುವುದಿಲ್ಲ. ಹುಲ್ಲು ಬೆಳೆದರೂ ಇಲ್ಲ, ಜನ ಮರೆತರೂ ಇಲ್ಲ. ದಾರಿಯ ಚಿಂತೆ ಅಲ್ಲಿನವರಿಗೆ ಹಳೆಯದು. ಕಳ್ಳರು ಅಡಗದಿರಲೆಂದು ಪೇಟೆಯಿಂದ ಪೇಟೆಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ 200 ಅಡಿ ಪೊದೆ ಕಡಿಯಬೇಕೆಂದು 1285ರ ವಿಂಚೆಸ್ಟರ್ ಶಾಸನ ಹೇಳಿತು. ಊರಿನ ರಸ್ತೆ ರಿಪೇರಿಗೆ ಪ್ರತಿಯೊಬ್ಬರೂ ವರ್ಷಕ್ಕೆ 4 ದಿನ ಬಿಟ್ಟಿ ದುಡಿಯಬೇಕೆಂದು 1555ರ ಶಾಸನ ವಿಧಿಸಿತು. ಆ ದಾರಿಯಲ್ಲಿ ಗೊಬ್ಬರದ ಗಾಡಿ ಹೊಡೆದುಕೊಂಡು ಹೋದ ಹೆಸರಿಲ್ಲದ ಗಾಡಿಯವನು ತನ್ನ ಪಾಡಿಗೆ ತಾನು ಹೋದ. ಅವನ ಹಕ್ಕು ಮಾತ್ರ ಅಲ್ಲೇ ಉಳಿಯಿತು. ಇಂದು ಟರ್ಬೊ ಡೀಸೆಲ್ ಗಾಡಿಯಲ್ಲಿ ಬಂದು ಅದನ್ನು ಅನುಭವಿಸುವವನು ಆ ಗಾಡಿಯವನ ದತ್ತುಪುತ್ರ.

ಪ್ರಮಾಣ ವಿಚಾರ

ದತ್ತು ಸಿಂಧುವೋ ಅಲ್ಲವೋ ಎಂಬುದಕ್ಕೆ ಪ್ರಮಾಣ ಬೇಕು. ಮೀಮಾಂಸೆಯ ಭಾಟ್ಟಮತದಲ್ಲಿ ಪ್ರಮಾಣಗಳು ಆರು. ಆರನ್ನೂ ಕ್ರಮವಾಗಿ ಕೆಸರಿಗಿಳಿಸಿ ನೋಡೋಣ.

ಮೊದಲನೆಯದು ಪ್ರತ್ಯಕ್ಷ. ಮೊಣಕಾಲಾಳದ ಚಕ್ರದ ಜಾಡು ಕಣ್ಣೆದುರಿಗೇ ಇದೆ. ನೂರಾರು ಗಾಡಿ ಹೋಗಿವೆ. ಇದಕ್ಕಿಂತ ಸಾಕ್ಷಿ ಬೇಕೆ? ಬೇಕು. 2006ರ ಮೇ 2ರಂದು ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಕಾಯಿದೆಯೊಂದು ಈ ಪ್ರಮಾಣದ ಕತ್ತು ಹಿಸುಕಿತು. ಮೋಟಾರು ಗಾಡಿ ಓಡಾಡಿದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ ಎಂದಿತು. ದಾಖಲೆಗೆ ಸೇರದೆ ಉಳಿದಿದ್ದ ಹಳೆಯ ಮೋಟಾರು ಹಕ್ಕುಗಳಲ್ಲೂ ಕೆಲವು ವಿನಾಯಿತಿ ಬಿಟ್ಟು ಮಿಕ್ಕವನ್ನು ಅದೇ ದಿನ ಅಳಿಸಿತು. ಜಾಡು ಎಷ್ಟು ಆಳವೋ ಅಪರಾಧ ಅಷ್ಟು ಸ್ಪಷ್ಟ, ಹಕ್ಕಲ್ಲ.

ಎರಡನೆಯದು ಅನುಮಾನ. ಹೊಗೆ ಕಾಣುವುದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವುದು ತರ್ಕದ ಮೊದಲ ಪಾಠ. ಪೀಕ್ ಡಿಸ್ಟ್ರಿಕ್ಟ್‌ನ ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿರುವುದು ಬೆಂಕಿಯಲ್ಲ, ವಯಸ್ಸಾದ ಡೀಸೆಲ್ ಎಂಜಿನ್. ವ್ಯಾಪ್ತಿ ಗಟ್ಟಿಯಾಗಿದೆ. ಆದರೆ ಇದರಿಂದ ಸಿದ್ಧಿಸುವುದು ಗಾಡಿ ಅಲ್ಲಿದೆ ಎಂಬುದಷ್ಟೆ. ಅಲ್ಲಿರಲು ಅದಕ್ಕೆ ಹಕ್ಕಿದೆ ಎಂಬುದಲ್ಲ.

ಮೂರನೆಯದು ಉಪಮಾನ. ನೈಯಾಯಿಕರ ಉದಾಹರಣೆಯಲ್ಲಿ, ಗವಯ ಎಂಬ ಪ್ರಾಣಿ ಹಸುವಿನ ಹಾಗಿರುತ್ತದೆ ಎಂದು ಕೇಳಿದ್ದವನು ಕಾಡಿನಲ್ಲಿ ಅಂಥದ್ದನ್ನು ಕಂಡು ಇದೇ ಅದು ಎಂದು ಗುರುತಿಸುತ್ತಾನೆ. ಬ್ರಿಟಿಷ್ ಪಾರ್ಲಿಮೆಂಟು 1896ರಲ್ಲಿ ಇದೇ ಹಾದಿ ಹಿಡಿದು, ಹಗುರ ಮೋಟಾರು ವಾಹನವೂ ಗಾಡಿಯೇ ಎಂದು ಪರಿಗಣಿಸತಕ್ಕದ್ದು ಎಂದಿತು. ಅಂದಿನಿಂದ ಕುದುರೆಗಾಡಿಯ ದಾರಿ ಕಾರಿನ ದಾರಿಯೂ ಆಯಿತು. ಕುದುರೆಯ ಅಭಿಪ್ರಾಯ ಕೇಳಿದ ದಾಖಲೆಯಿಲ್ಲ.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. ಇಲ್ಲಿ ಆಪ್ತರು ಎಂದರೆ ಎನ್‌ಕ್ಲೋಶರ್ ಕಮಿಷನರುಗಳು. ಹದಿನೆಂಟು ಹತ್ತೊಂಬತ್ತನೇ ಶತಮಾನದಲ್ಲಿ ಊರ ಗೋಮಾಳಗಳಿಗೆ ಬೇಲಿ ಹಾಕಿ ಹಂಚಿಕೊಟ್ಟಾಗ ಈ ಕಮಿಷನರುಗಳು ದಾರಿಗಳನ್ನೂ ಗುರುತಿಸಿ ದಪ್ಪ ಕಾಗದದ ಮೇಲೆ ಬರೆಸಿದರು. ಸಾರ್ವಜನಿಕ ಗಾಡಿರಸ್ತೆ ಕನಿಷ್ಠ 30 ಅಡಿ ಅಗಲ ಇರಬೇಕು ಎಂಬುದು 1801ರ ಕಾಯಿದೆಯ ವಿಧಿ. ದಾಖಲೆ ಕಚೇರಿಯ ಉದ್ದ ಮೇಜಿನ ಮೇಲೆ ಆ ಕಾಗದವನ್ನು ಬಿಡಿಸಿ, ಸುರುಳಿಕೊಳ್ಳದಂತೆ ಮೂಲೆಗೆ ಭಾರವಿಟ್ಟು, ಎರಡು ಗೆರೆಗಳ ನಡುವಿನ ಮಾಸಿದ ಬಣ್ಣದ ಮೇಲೆ ಭೂತಗನ್ನಡಿ ಆಡಿಸುವ ಧಡೂತಿ ಮನುಷ್ಯನನ್ನು ಕಂಡರೆ ಇತಿಹಾಸದ ಪ್ರಾಧ್ಯಾಪಕ ಎಂದುಕೊಳ್ಳಬಾರದು. ಬೂಟಿನ ಕೆಸರು ನೋಡಬೇಕು.

ಐದನೆಯದು ಅರ್ಥಾಪತ್ತಿ. ಹಗಲು ಊಟ ಮಾಡದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಹಾಗೆಯೇ ಎರಡು ಕಲ್ಲುಗೋಡೆಗಳ ನಡುವೆ 30 ಅಡಿ ಬಿಟ್ಟಿದ್ದಾರೆಂದರೆ ಅಲ್ಲಿ ಗಾಡಿ ಹೋಗುತ್ತಿತ್ತು. ಬರೀ ನಡೆಯುವವನಿಗೆ ಅಷ್ಟು ಜಾಗ ಬೇಕಿದ್ದರೆ ಅವನು ದೇವದತ್ತನೇ ಆಗಿರಬೇಕು. ಎದುರುಪಕ್ಷದ ಉತ್ತರವೂ ಸಿದ್ಧ: ಸ್ಕಾಟ್ಲೆಂಡಿನಿಂದ ದನದ ಮಂದೆ ಹೊಡೆದು ತರುವವರಿಗೂ ಅಷ್ಟೇ ಅಗಲ ಬೇಕಿತ್ತು.

ಆರನೆಯದು ಅನುಪಲಬ್ಧಿ: ಕಾಣದಿರುವುದೇ ಪ್ರಮಾಣ. ನೈಯಾಯಿಕರು ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುವುದಿಲ್ಲ. ಇಂಗ್ಲಿಷ್ ವಕೀಲರು ಒಪ್ಪುತ್ತಾರೆ. ಲಾಯ್ಡ್ ಜಾರ್ಜ್ ಹಣಕಾಸು ಮಂತ್ರಿಯಾಗಿದ್ದಾಗ ಭೂಮಿಯ ಬೆಲೆಯೇರಿಕೆಗೆ ತೆರಿಗೆ ಹಾಕಲು 1910ರ ಕಾಯಿದೆಯಡಿ ಜಮೀನುಗಳ ಮೌಲ್ಯಮಾಪನ ನಡೆಯಿತು. ಒಬ್ಬೊಬ್ಬರ ಹಿಡುವಳಿಗೂ ನಕ್ಷೆಯ ಮೇಲೆ ಬಣ್ಣದ ಅಂಚು ಹಾಕಿದರು. ಸಾರ್ವಜನಿಕ ರಸ್ತೆಗೆ ತೆರಿಗೆಯಿಲ್ಲ, ಆದ್ದರಿಂದ ಬಣ್ಣವೂ ಇಲ್ಲ. ತೆರಿಗೆ 1920ರಲ್ಲಿ ಸತ್ತಿತು, ನಕ್ಷೆಗಳು ಬದುಕಿದವು. ಆ ಹಾಳೆಗಳಲ್ಲಿ ಎರಡು ಹೊಲದ ನಡುವೆ ಬಣ್ಣವಿಲ್ಲದೆ ಉಳಿದ ಬಿಳಿಪಟ್ಟಿಯನ್ನು ಇಂದಿಗೂ ಗಾಡಿಹಕ್ಕಿನ ಪುರಾವೆಯಾಗಿ ಮಂಡಿಸುತ್ತಾರೆ. ಗುಮಾಸ್ತನೊಬ್ಬ ಕುಂಚ ಅದ್ದದೆ ಬಿಟ್ಟ ಜಾಗದಲ್ಲಿ ನೂರು ವರ್ಷದ ಮೇಲೆ ಜೀಪು ಓಡುತ್ತದೆ.

ಪ್ರಮಾಣ ಸಿಕ್ಕರೆ ಸಾಲದು, ಅದನ್ನು ಸಲ್ಲಿಸುವ ವಿಧಿಯೂ ಶುದ್ಧವಾಗಿರಬೇಕು. ಡಾರ್ಸೆಟ್ ಕೌಂಟಿಯ ಐದು ದಾರಿಗಳಿಗಾಗಿ ಬೈಕ್ ಸವಾರರ ಟ್ರೇಲ್ ರೈಡರ್ಸ್ ಫೆಲೋಶಿಪ್ ಪರವಾಗಿ 2004ರಲ್ಲಿ ಅರ್ಜಿಗಳು ಬಿದ್ದವು. ನಿಯಮದ ಪ್ರಕಾರ ನಕ್ಷೆಯನ್ನು 1:25,000ಕ್ಕೆ ಕಡಿಮೆಯಿಲ್ಲದ ಅಳತೆಯಲ್ಲಿ ಬರೆದಿರಬೇಕು. ಅರ್ಜಿದಾರರು 1:50,000ದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಪ್ರಿಂಟ್ ತೆಗೆದಿದ್ದರು. ಹಿಗ್ಗಿಸಿದ್ದು ಬರೆದದ್ದಾಗುತ್ತದೆಯೆ? ಕೌನ್ಸಿಲ್ ಆಗದು ಎಂದಿತು. ಹೈಕೋರ್ಟೂ ಆಗದು ಎಂದಿತು. ಮೇಲ್ಮನವಿ ನ್ಯಾಯಾಲಯ ಆಗುತ್ತದೆ ಎಂದಿತು. 2015ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಆಗುತ್ತದೆ, ಇಬ್ಬರು ಆಗದು ಎಂದರು. ಮೀಮಾಂಸಕರಾದ ಕುಮಾರಿಲ, ಪ್ರಭಾಕರರ ಕಾಲದ ನಂತರ ಒಂದು ಕ್ರಿಯಾಪದದ ಮೇಲೆ ಇಷ್ಟು ಬೆವರು ಹರಿದದ್ದು ಅಪರೂಪ. ಈ ಹನ್ನೊಂದು ವರ್ಷದಲ್ಲಿ ದಾರಿಯ ಮೇಲೆ ಎಷ್ಟು ಕೆಸರಿತ್ತು ಎಂಬ ಪ್ರಶ್ನೆ ಯಾವ ಪೀಠದ ಮುಂದೆಯೂ ನಿರ್ಣಯಕ್ಕೆ ಇರಲಿಲ್ಲ.

ಸಾಧನ ವಿಚಾರ

ಕಾಗದವೇ ಗಾಡಿಯನ್ನು ಹತ್ತಿಸುವುದಾದರೂ, ಲೋಕವ್ಯವಹಾರಕ್ಕೆ ಗಾಡಿಯೂ ಬೇಕು.

ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ವೇಲ್ಸ್‌ನ ಆಂಗ್ಲಸಿ ದ್ವೀಪದಲ್ಲಿದ್ದ ತನ್ನ ಜಮೀನಿನ ಕೆಲಸಕ್ಕೆ ಯುದ್ಧದಲ್ಲಿ ಮಿಕ್ಕಿದ ವಿಲ್ಲಿಸ್ ಜೀಪು ಬಳಸುತ್ತಿದ್ದ. ಅಂಥದ್ದನ್ನು ತಾವೇ ಮಾಡಿದರೇನು ಎಂದು 1947ರಲ್ಲಿ ರೆಡ್ ವಾರ್ಫ್ ಬೇ ಕಡಲ ದಂಡೆಯ ಮರಳಿನ ಮೇಲೆ ಅದರ ಚಿತ್ರ ಗೀಚಿದ ಎಂಬುದು ಈ ಪಂಥದ ಸ್ಥಳಪುರಾಣ. 1948ರ ಏಪ್ರಿಲ್ 30ರಂದು ಆಮ್ಸ್ಟರ್‌ಡ್ಯಾಮ್ ಮೇಳದಲ್ಲಿ ಗಾಡಿ ಹೊರಬಂತು. ಯುದ್ಧಾನಂತರ ಉಕ್ಕಿಗೆ ರೇಷನ್ ಇದ್ದುದರಿಂದ ಮೈಯೆಲ್ಲ ಅಲ್ಯುಮಿನಿಯಂ. ಅದನ್ನು ಮಾರಿದ್ದು ರೈತರಿಗೆ. ಎಂಜಿನ್ನಿನ ಶಕ್ತಿಯಿಂದಲೇ ಹೊಲದ ಯಂತ್ರಗಳನ್ನು ತಿರುಗಿಸುವ ಏರ್ಪಾಡೂ ಇತ್ತು. ಗೊಬ್ಬರದ ಗಾಡಿಯ ಕೆಲಸಕ್ಕೇ ಹುಟ್ಟಿದ ಗಾಡಿ ಇಂದು ಗೊಬ್ಬರದ ಗಾಡಿಯ ಹಕ್ಕು ಕೇಳುತ್ತಿದೆಯೆಂದರೆ ವಂಶಾವಳಿಯಲ್ಲಿ ದೋಷವಿಲ್ಲ. ಹಳೆಯ ಡಿಫೆಂಡರ್ ತಯಾರಿಕೆ ಸೋಲಿಹಲ್‌ನಲ್ಲಿ 2016ರ ಜನವರಿ 29ಕ್ಕೆ ನಿಂತಿತು. ಕಂಪನಿಯ ಒಡೆತನ 2008ರಿಂದ ಟಾಟಾ ಮೋಟರ್ಸ್‌ನದು.

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ ಎಂಬ ಲೋಕಪ್ರಸಿದ್ಧಿ ಪರೀಕ್ಷೆಗೆ ನಿಲ್ಲುವುದಿಲ್ಲ. ತಿರುವಿನಲ್ಲಿ ಒಳಚಕ್ರ ನಿಧಾನಕ್ಕೂ ಹೊರಚಕ್ರ ಬೇಗಕ್ಕೂ ಉರುಳಬೇಕಾದ್ದರಿಂದ ಎರಡರ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗಡ್ಡೆ ಇರುತ್ತದೆ. ದುಡಿಯದ ಮಗನ ಎಲೆಗೇ ತಾಯಿ ತುಪ್ಪ ಬಡಿಸುವ ಹಾಗೆ, ಯಾವ ಚಕ್ರ ನೆಲ ಹಿಡಿದಿಲ್ಲವೋ ಅದನ್ನೇ ಅದು ತಿರುಗಿಸುತ್ತದೆ. ಕೊರಕಲು ದಾರಿಯಲ್ಲಿ ಮುಂದಿನ ಎಡಚಕ್ರವೂ ಹಿಂದಿನ ಬಲಚಕ್ರವೂ ಒಟ್ಟಿಗೆ ಮೇಲೆದ್ದರೆ ಆ ಎರಡೇ ಗಿರ್ರನೆ ಸುತ್ತುತ್ತವೆ. ನೆಲದ ಮೇಲಿರುವ ಎರಡು ಸುಮ್ಮನೆ ನಿಂತು ನೋಡುತ್ತವೆ. ಡ್ರೈವರ್ ಕಾಲು ಒತ್ತಿದಷ್ಟೂ ಸದ್ದು; ಗಾಡಿ ಒಂದಂಗುಲ ಸರಿಯುವುದಿಲ್ಲ. ಆಕ್ಸಲ್ಲಿಗೆ ಡಿಫ್ ಲಾಕ್ ಇದ್ದರೆ ಎರಡೂ ಚಕ್ರವನ್ನು ಒಂದೇ ಸರಳಿಗೆ ಕಟ್ಟಿದಂತಾಗಿ ಗಾಡಿ ಏಳುತ್ತದೆ. ಇಲ್ಲದಿದ್ದರೆ ಜೊತೆಯವನು ಇಳಿಯುತ್ತಾನೆ, ಸುತ್ತು ಹಾಕಿ ನೋಡುತ್ತಾನೆ, ಸೊಂಟದ ಮೇಲೆ ಕೈಯಿಡುತ್ತಾನೆ.

ಜಾಡು ಇನ್ನೂ ಆಳವಿದ್ದರೆ ಬೇರೆ ಗತಿ. ಟೈರುಗಳು ಎರಡು ಕಾಲುವೆಯೊಳಗೆ ಇಳಿದು, ಆ ಡಿಫರೆನ್ಷಿಯಲ್ ಗಡ್ಡೆ ನಡುದಿಬ್ಬದ ಮೇಲೆ ಕೂರುತ್ತದೆ. ಹಿಡಿತ ಹೆಚ್ಚಲೆಂದು ಟೈರಿನ ಗಾಳಿ ಇಳಿಸಿದ್ದರಂತೂ ಗಾಡಿ ಇನ್ನಷ್ಟು ಕುಳ್ಳಾಗಿರುತ್ತದೆ.

ಪೂರ್ವಪಕ್ಷ

ಗಾಡಿ ಬೇಡವೆನ್ನುವವರ ವಾದ ಹೀಗೆ. ಚಕ್ರ ಹುಲ್ಲಿನ ಹೊದಿಕೆಯನ್ನು ಕೊಯ್ಯುತ್ತದೆ. ಕೊಯ್ದ ಜಾಡಿಗೆ ಮಳೆನೀರು ಇಳಿದು ಕಾಲುವೆಯಾಗುತ್ತದೆ. ಕಾಲುವೆಯನ್ನು ತಪ್ಪಿಸಲು ಮುಂದಿನವನು ಪಕ್ಕಕ್ಕೆ ಒತ್ತುತ್ತಾನೆ, ದಾರಿ ಅಗಲವಾಗುತ್ತದೆ. ಕೊನೆಗೆ ಬಂಡೆ ಮೇಲೇಳುತ್ತದೆ. ಕುದುರೆಯ ಕಾಲು ಮುರಿಯುವಂಥ ಮೆಟ್ಟಿಲಾಗುತ್ತದೆ. ರಾಷ್ಟ್ರೀಯ ಉದ್ಯಾನದಲ್ಲಿ ಸಂರಕ್ಷಣೆಗೂ ವಿನೋದಕ್ಕೂ ತಿಕ್ಕಾಟ ಬಂದರೆ ಸಂರಕ್ಷಣೆಗೇ ಮೇಲುಗೈ ಎಂಬ ಸ್ಯಾಂಡ್‌ಫರ್ಡ್ ತತ್ವ 1974ರ ವರದಿಯಿಂದ ಹೊರಟು 1995ರಲ್ಲಿ ಕಾಯಿದೆಯನ್ನೇ ಸೇರಿದೆ.

ಈ ಪಕ್ಷ ಬರೀ ಮಾತಿನದಲ್ಲ. ಯಾರ್ಕ್‌ಶೈರ್ ಡೇಲ್ಸ್‌ನ ಮ್ಯಾಸ್ಟೈಲ್ಸ್ ಲೇನ್ ಮಠದ ಸನ್ಯಾಸಿಗಳ ಕಾಲದ ದಾರಿ. ರೋಮನ್ ಸೇನೆಯ ತಂಗುದಾಣವೊಂದರ ಕುರುಹನ್ನು ಹಾದುಹೋಗುತ್ತದೆ. ಅಲ್ಲಿ ಮೋಟಾರು ಗಾಡಿ ನಿಂತಿತು. ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಸ್ಟಾನೇಜ್ ಬಂಡೆಸಾಲಿನ ಬಳಿಯ ಲಾಂಗ್ ಕಾಸ್‌ವೇ, ಈಡೇಲ್ ಬಳಿಯ ಚಾಪೆಲ್ ಗೇಟ್ ದಾರಿಗಳೂ ಮೋಟಾರಿಗೆ ಮುಚ್ಚಿದವು. ರೋಮನರು ಬಂದು ಹೋದರು, ಸನ್ಯಾಸಿಗಳು ಬಂದು ಹೋದರು, ಸುಜುಕಿ ಬಂದಾಗ ಬೇಲಿ ಎದ್ದಿತು.

ಉತ್ತರಪಕ್ಷ

ಓಡಿಸುವವರು ಹೇಳುತ್ತಾರೆ: ಬೈವೇ ಎಂದರೆ ರಸ್ತೆ. ಅಲ್ಲಿಗೆ ಬರುವ ಗಾಡಿಗೆ ನಂಬರ್ ಪ್ಲೇಟು, ವಿಮೆ, ತೆರಿಗೆ, ಚಾಲಕನಿಗೆ ಲೈಸೆನ್ಸು ಎಲ್ಲ ಬೇಕು. ರೈತನ ಟ್ರಾಕ್ಟರೂ ಮರ ಸಾಗಿಸುವ ಲಾರಿಯೂ ಅದೇ ಮಣ್ಣನ್ನು ತುಳಿಯುತ್ತವೆ. ಸಂಘದವರು ಗುದ್ದಲಿ ಹಿಡಿದು ರಿಪೇರಿ ಮಾಡುವ ದಿನಗಳೂ ಇವೆ. ಇವರ ಗ್ರೀನ್ ಲೇನ್ ಅಸೋಸಿಯೇಷನ್ ಮತ್ತು ಎದುರಿನವರ ಗ್ರೀನ್ ಲೇನ್ಸ್ ಎನ್‌ವಿರಾನ್‌ಮೆಂಟಲ್ ಆ್ಯಕ್ಷನ್ ಮೂವ್‌ಮೆಂಟ್ ಎರಡೂ ಹುಟ್ಟಿದ್ದು 1995ರಲ್ಲೇ. ಒಂದೇ ವರ್ಷದ ಈ ದಾಯಾದಿಗಳು ಅಂದಿನಿಂದ ಪರಸ್ಪರರ ಪತ್ರಗಳನ್ನು ತಪ್ಪದೆ ಓದುತ್ತ ಬಂದಿದ್ದಾರೆ.

ಮೋಟಾರು ಸಂಘಗಳ ಒಕ್ಕೂಟವಾದ ಲಾರಾ ಭಕ್ತರಿಗೆ ನಾಲ್ಕು ಡಬ್ಲ್ಯೂಗಳನ್ನು ಉಪದೇಶಿಸಿದೆ: ವೆದರ್, ವೆಯ್ಟ್, ವಿಡ್ತ್, ವಿಂಚ್. ಮಳೆಗೆ ನೆಲ ಮೆತ್ತಗಾಗಿದ್ದಾಗ ಹೋಗಬೇಡ, ನೆಲ ತಾಳದಷ್ಟು ತೂಕ ಒಯ್ಯಬೇಡ, ದಾರಿಗಿಂತ ಅಗಲದ ಗಾಡಿ ತರಬೇಡ, ಬೇರೆ ದಾರಿಯೇ ಇಲ್ಲದಾಗ ಮಾತ್ರ ವಿಂಚ್ ಹಾಕು. ಚತುರ್ವಿಧ ಪುರುಷಾರ್ಥಗಳಲ್ಲಿ ಇದ್ದಂತೆ ಇಲ್ಲೂ ನಾಲ್ಕನೆಯದೇ ಬಿಡುಗಡೆ. ಮರಕ್ಕೆ ಅಗಲವಾದ ಪಟ್ಟಿ ಸುತ್ತಿ, ತೊಗಟೆ ಸುಲಿಯದಂತೆ ಹಗ್ಗ ಬಿಗಿದು, ಡ್ರಮ್ಮು ತಿರುಗಿದಾಗ ಹೂತ ಗಾಡಿ ಪ್ಚಕ್ ಎಂದು ಮಣ್ಣಿನಿಂದ ಕಳಚಿಕೊಳ್ಳುತ್ತದೆ.

ಈ ಪಕ್ಷದ ಒಳಗೇ ಒಂದು ಕಗ್ಗಂಟಿದೆ. ಹೆದ್ದಾರಿ ಪ್ರಾಧಿಕಾರ ತನ್ನ ದಾರಿಗಳನ್ನು ಸುಸ್ಥಿತಿಯಲ್ಲಿ ಇಡಬೇಕೆಂಬುದು 1980ರ ಹೆದ್ದಾರಿ ಕಾಯಿದೆಯ ಆಜ್ಞೆ. ಪ್ರಾಧಿಕಾರ ಆಜ್ಞೆ ಪಾಲಿಸಿ ಜಲ್ಲಿ ಹಾಕಿ ಮಟ್ಟಮಾಡಿದರೆ ಯಾರೂ ಬರುವುದಿಲ್ಲ. ಪಾಲಿಸದಿದ್ದರೆ ದಾರಿ ಹಾಳಾಗಿದೆಯೆಂದು ಮುಚ್ಚುತ್ತಾರೆ. ಆದ್ದರಿಂದ ಗ್ರೀನ್ ಲೇನ್ ಹದವಾಗಿ ಕೆಟ್ಟಿರಬೇಕು. ಎಷ್ಟು ಕೆಟ್ಟರೆ ಹದ ಎಂಬುದಕ್ಕೆ ಯಾವ ಪಂಥವೂ ಇನ್ನೂ ಮಾನದಂಡ ಕೊಟ್ಟಿಲ್ಲ.

ಲೇಕ್ ಡಿಸ್ಟ್ರಿಕ್ಟ್‌ನ ಟಿಲ್ಬರ್‌ತ್ವೇಟ್ ಮತ್ತು ಆಕ್ಸನ್ ಫೆಲ್ ದಾರಿಗಳ ವ್ಯಾಜ್ಯ ಈ ಅಧಿಕರಣದ ಉದಾಹರಣೆ. ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಕೊಂಡು ಉಳಿಸಿ ನ್ಯಾಷನಲ್ ಟ್ರಸ್ಟ್‌ಗೆ ಸೇರಿಸಿದ ಕುರಿಗಾವಲಿನ ಸೀಮೆ ಅದು. 2017ರಿಂದ ಇಡೀ ಪ್ರದೇಶ ವಿಶ್ವ ಪರಂಪರೆಯ ತಾಣ. ಮೋಟಾರು ನಿಲ್ಲಿಸಿ ಎಂದು ಲಕ್ಷಗಟ್ಟಲೆ ಜನ ಸಹಿ ಹಾಕಿದರು. ಉದ್ಯಾನ ಪ್ರಾಧಿಕಾರದ ಸಮಿತಿ 2019ರ ಅಕ್ಟೋಬರ್‌ನಲ್ಲಿ ನಿಷೇಧ ಬೇಡವೆಂದು ತೀರ್ಮಾನಿಸಿತು. ವಿರೋಧಿಗಳು ಹೈಕೋರ್ಟಿಗೆ ಹೋದರು. 2020ರಲ್ಲಿ ಅಲ್ಲೂ ಸೋತರು. ನ್ಯಾಯಾಧೀಶರು ಕೆಸರು ಅಳೆಯಲಿಲ್ಲ. ಪ್ರಾಧಿಕಾರ ಕಾನೂನನ್ನು ಸರಿಯಾಗಿ ಓದಿಕೊಂಡಿತ್ತೆ ಎಂಬುದೇ ಪ್ರಶ್ನೆಯಾಯಿತು.

ನಿರ್ಣಯ

ಆದ್ದರಿಂದ ಗಾಡಿಯನ್ನು ಗುಡ್ಡ ಹತ್ತಿಸುವುದು ಕಾಗದವೇ. ಇಳಿಸುವುದೂ ಅದೇ.

ಇದಕ್ಕೆ ಕೊನೆಯ ಬಲ ಬಂದದ್ದು ನಡೆಯುವವರ ಪಾಳೆಯದಿಂದ. 1932ರಲ್ಲಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಅಕ್ರಮವಾಗಿ ನುಗ್ಗಿ ಹಕ್ಕಿನ ಚಳವಳಿಗೆ ಕಿಚ್ಚು ಹಚ್ಚಿದವರು ನಡೆಯುವವರೇ. ದಾಖಲೆಯಿಲ್ಲದ ಹಳೆಯ ಕಾಲುದಾರಿಗಳಿಗೂ ಕೊನೆಯ ತಾರೀಖು ಬೀಳುತ್ತದೆಂದಾದಾಗ ಅವರ ರ‍್ಯಾಂಬ್ಲರ್ಸ್ ಸಂಸ್ಥೆ 2020ರಲ್ಲಿ ಸ್ವಯಂಸೇವಕರನ್ನು ಹಳೆಯ ನಕ್ಷೆಗಳ ಮೇಲೆ ಕೂರಿಸಿತು. ಇಂಗ್ಲೆಂಡ್, ವೇಲ್ಸ್ ಸೇರಿ 49,000 ಮೈಲಿ ಕಳೆದುಹೋದ ದಾರಿ ಹುಡುಕಿ ತೆಗೆದರು. ಈಗ ದಾಖಲೆ ಕಚೇರಿಯ ಒಂದೇ ಮೇಜಿನ ಈ ತುದಿಯಲ್ಲಿ ಬೂಟಿನವನು, ಆ ತುದಿಯಲ್ಲಿ ಊರುಗೋಲಿನವಳು, ನಡುವೆ ಒಂದೇ ನಕ್ಷೆ. ಇಬ್ಬರ ವಕಾಲತ್ತೂ ಅದೇ ಸತ್ತ ಗಾಡಿಯವನ ಕಡೆಯಿಂದ. ಪೆನ್ಸಿಲ್ ಮಾತ್ರ ಬಳಸಬೇಕು, ಮಾತಾಡಕೂಡದು ಎಂಬ ಕಚೇರಿಯ ನಿಯಮದಿಂದಾಗಿ ಈ ಶತಮಾನದ ಅತಿ ಶಾಂತವಾದ ಶಾಸ್ತ್ರಾರ್ಥ ಅಲ್ಲಿ ನಡೆಯುತ್ತಿದೆ.

ಫಲಶ್ರುತಿ

ಈ ಸಂಗ್ರಹವನ್ನು ಶ್ರದ್ಧೆಯಿಂದ ಓದಿದವನು ರಿಜ್‌ವೇ ದಾರಿಯ ಬೈವೇಗಳಿಗೆ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಗಾಡಿ ತೆಗೆದುಕೊಂಡು ಹೋಗುವುದಿಲ್ಲ. ರಸ್ತೆ ಬಿಟ್ಟು 15 ಗಜದೊಳಗೆ ಪಾರ್ಕಿಂಗಿಗೆಂದು ಇಳಿದರೆ 1988ರ ಕಾಯಿದೆಯಡಿ ಅದು ಅಪರಾಧವಲ್ಲ ಎಂಬ ಜ್ಞಾನ, ಆದರೂ ಜಮೀನಿನವನು ಬಯ್ಯಬಹುದು ಎಂಬ ವಿವೇಕ, ಎರಡೂ ಅವನಿಗೆ ಒಟ್ಟಿಗೆ ದೊರೆಯುತ್ತವೆ. ಅಜಾಗರೂಕತೆಯಿಂದ ಓಡಿಸಿದವನ ಗಾಡಿಯನ್ನೇ ಎತ್ತಿಕೊಂಡು ಹೋಗುವ ಅಧಿಕಾರ 2002ರ ಪೊಲೀಸ್ ಸುಧಾರಣಾ ಕಾಯಿದೆಯ 59ನೇ ಸೆಕ್ಷನ್‌ನಲ್ಲಿದೆ ಎಂಬ ಭಯವೂ ಲಭಿಸುತ್ತದೆ. ಇದನ್ನು ನಿತ್ಯ ಪಾರಾಯಣ ಮಾಡುವವನು ಹೊರಡುವ ಹಿಂದಿನ ರಾತ್ರಿ ಕೌಂಟಿಯ ಅಧಿಕೃತ ನಕ್ಷೆಯನ್ನೂ ನಿಷೇಧಾಜ್ಞೆಗಳ ಪಟ್ಟಿಯನ್ನೂ ನೋಡಿಕೊಳ್ಳುತ್ತಾನೆ. ಪಾರಾಯಣ ಮುಗಿಸಿ ಡಾಂಬರಿಗೆ ಹತ್ತುವ ಮುನ್ನ ಟೈರಿಗೆ ಮತ್ತೆ ಗಾಳಿ ತುಂಬಿಸಿಕೊಳ್ಳತಕ್ಕದ್ದು.